ಬ್ರೋಕರ್ ಕೇಳಿದ ಫೋಟೋಗಳು

ಕಳೆದ ಅಕ್ಟೋಬರ್‌ನ ಒಂದು ಶನಿವಾರ ನಾನು ಊರಿಗೆ ಹೋಗಿದ್ದು ಹೊಲದ ಫೋಟೋ ತೆಗೆಯೋಕೆ. ನೆನಪಿಗಲ್ಲ, ಮಾರೋಕೆ. ಬೆಂಗಳೂರಲ್ಲಿ ಒಂದು ಫ್ಲಾಟ್ ನೋಡಿದ್ವಿ. ಬ್ಯಾಂಕ್ ಸಾಲ ಸಿಕ್ಕರೂ ಮುಂಗಡಕ್ಕೆ ದುಡ್ಡು ಸಾಲುತ್ತಿರಲಿಲ್ಲ. ಅಪ್ಪನ ಹೆಸರಲ್ಲಿ 1 ಎಕರೆ 30 ಗುಂಟೆ ಇದೆ. "ಫೋಟೋ ಕಳಿಸಿ ಸಾರ್, ಪಾರ್ಟಿ ರೆಡಿ ಇದೆ" ಅಂದಿದ್ದ ಬ್ರೋಕರ್. ಫೋನಲ್ಲಿ ಹೇಳಿದಾಗ ಅಪ್ಪ ಬೇಡ ಅನ್ನಲಿಲ್ಲ. "ಬಾ, ನೋಡೋಣ" ಅಂದರು ಅಷ್ಟೆ.

ನಮ್ಮೂರು ತುಮಕೂರು ತಾಲ್ಲೂಕಲ್ಲಿ, ದೇವರಾಯನದುರ್ಗದ ಬೆಟ್ಟ ಕಾಣುವಷ್ಟು ಹತ್ತಿರ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಹಬ್ಬಕ್ಕೋ ಮದುವೆಗೋ ಊರಿಗೆ ಹೋಗ್ತಿದ್ದೆ. ಹೋದರೂ ಮನೆ, ಊಟ, ಕೈಯಲ್ಲಿ ಫೋನು. ಆಫೀಸಿನ ಗೆಳೆಯರ ಜೊತೆ ದೇವರಾಯನದುರ್ಗಕ್ಕೂ ನಾಮದ ಚಿಲುಮೆಗೂ ಹೋಗಿ ಸೆಲ್ಫಿ ತೆಗೆದುಕೊಂಡಿದ್ದೆ. ಆದರೆ ನಮ್ಮ ಹೊಲಕ್ಕೆ ಕಾಲಿಟ್ಟು ಎಷ್ಟು ವರ್ಷ ಆಗಿತ್ತೋ, ಲೆಕ್ಕ ಇಟ್ಟಿರಲಿಲ್ಲ.

ಅಪ್ಪನಿಗೆ ಮಂಡಿ ನೋವು. ಮನೇಲೇ ಇರಪ್ಪ ಅಂದರೂ ಕೇಳದೆ ಕೋಲು ಹಿಡಿದು ಹೊರಟರು. ಮನೆಯಿಂದ ಹೊಲಕ್ಕೆ ಒಂದು ಕಿಲೋಮೀಟರೂ ಇಲ್ಲ. ನಾನೊಬ್ಬನೇ ಆಗಿದ್ದರೆ ಹತ್ತು ನಿಮಿಷದಲ್ಲಿ ಹೋಗಿರುತ್ತಿದ್ದೆ. ಅಪ್ಪನ ಜೊತೆ ಮುಕ್ಕಾಲು ಗಂಟೆ ಆಯ್ತು. ನಿಧಾನ ನಡೆದಿದ್ದಕ್ಕೇ ಇರಬೇಕು, ಆವತ್ತು ಕಣ್ಣಿಗೆ ಏನೇನೋ ಬಿತ್ತು.

ರಾಗಿ ತೆನೆ ಬಿಟ್ಟಿತ್ತು. ನಡುನಡುವೆ ಹುಚ್ಚೆಳ್ಳಿನ ಹಳದಿ ಹೂವಿನ ಸಾಲು. ಚೆನ್ನಾಗಿದೆ ಅಂತ ಕ್ಲಿಕ್ಕಿಸಿದೆ. "ಚೆಂದಕ್ಕೆ ಹಾಕಿದ್ದಲ್ಲ, ಅಕ್ಕಡಿ ಸಾಲು ಕಣೋ. ರಾಗಿ ಕೈಕೊಟ್ಟರೆ ಅವರೆ ಇರುತ್ತೆ, ಅವರೆನೂ ಹೋದರೆ ಹುಚ್ಚೆಳ್ಳು" ಅಂದರು ಅಪ್ಪ. ಒಂದು ಸರ್ವರ್ ಬಿದ್ದರೆ ಇನ್ನೊಂದು ಇರಲಿ ಅಂತ ನಾವು ಆಫೀಸಲ್ಲಿ ಒದ್ದಾಡೋದೂ ಇದಕ್ಕೇ ಅಲ್ವಾ ಅನ್ನಿಸಿತು.

ಹಳೇ ಬಾವಿ ಪಕ್ಕದ ಈಚಲು ಮರದಲ್ಲಿ ಗೀಜಗನ ಗೂಡುಗಳು ತೂಗಾಡುತ್ತಿದ್ದವು. ನಾನು ಬಂದ ಕಡೆಯಿಂದ ಗರಿ ಅಡ್ಡ ಬಂದು ಫೋಟೋ ಸರಿಯಾಗಿ ಬರಲಿಲ್ಲ. "ಮೂಡಲ ಕಡೆ ಹೋಗು, ಅಲ್ಲೇ ಜಾಸ್ತಿ ಇರೋದು. ಮುಂಗಾರು ಗಾಳಿ ಪಡುವಲಿಂದ ಹೊಡೆಯುತ್ತಲ್ಲ, ಮರ ಅಡ್ಡ ಇರಲಿ ಅಂತ ಆಚೆ ಕಟ್ಟುತ್ತವೆ" ಅಂದರು. ಸುತ್ತಿ ಹೋಗಿ ನೋಡಿದೆ, ಹೌದು. ಆ ಬಾವೀಲೇ ನಾನು ಈಜು ಕಲಿತಿದ್ದು. ಆಗಲೂ ಆ ಮರ ಇತ್ತು. ಒಂದು ದಿನವೂ ಹಾಗೆ ನೋಡಿರಲಿಲ್ಲ.

ಬದುವಿನ ಮೇಲೆ ಕೂತು ಸುಧಾರಿಸಿಕೊಳ್ಳುವಾಗ ಬೆಟ್ಟದ ಕಡೆ ಕೋಲು ತೋರಿಸಿದರು. "ಅಲ್ಲಿ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತೆ ಗೊತ್ತಾ?" ರಾತ್ರಿ ಮ್ಯಾಪ್ ತೆಗೆದು ನೋಡಿದೆ. ಅಲ್ಲಿ ಹುಟ್ಟೋ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ಸೇರುತ್ತೆ, ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತೆ. ಬೆಟ್ಟ ಹತ್ತಿ ಸೆಲ್ಫಿ ತೆಗೆದ ನನಗೆ ಇದು ಗೊತ್ತಿರಲಿಲ್ಲ.

ಕೊನೆಗೆ ಅಪ್ಪ ಹೊಲದ ಮೂಲೆಗೆ ಹೋಗಿ ಕೋಲಿಂದ ಹುಲ್ಲು ಸರಿಸಿದರು. ಅರ್ಧ ಹೂತುಹೋಗಿದ್ದ ಬಾಂದು ಕಲ್ಲು. ಬಗ್ಗಿ ಅದರ ಮೇಲಿನ ಮಣ್ಣು ಒರೆಸಿ, "ಇದನ್ನ ತೆಗಿ. ತಗೊಳ್ಳೋರು ಮೊದಲು ಇದನ್ನೇ ಕೇಳೋದು" ಅಂದರು. ಫ್ರೇಮಿನಲ್ಲಿ ಕಲ್ಲು, ಕಲ್ಲಿನ ಮೇಲೆ ಅಪ್ಪನ ಕೈ. ನನಗೆ ಒತ್ತೋಕೆ ಆಗಲಿಲ್ಲ. "ಬಿಸಿಲು ಜಾಸ್ತಿ ಇದೆ, ಆಮೇಲೆ ತೆಗೀತೀನಿ" ಅಂತ ಸುಳ್ಳು ಹೇಳಿದೆ. ಅವರು ಏನೂ ಕೇಳಲಿಲ್ಲ. ಕೈ ಝಾಡಿಸಿಕೊಂಡು ಎದ್ದರು.

ಅವತ್ತು ರಾತ್ರಿ ಎಣಿಸಿದರೆ 140 ಫೋಟೋ. ಬ್ರೋಕರ್‌ಗೆ ಬೇಕಾಗಿದ್ದು ರಸ್ತೆ, ಕರೆಂಟ್ ಕಂಬ, ಬೋರ್‌ವೆಲ್. ಅಂಥವು ಇದ್ದಿದ್ದು ನಾಲ್ಕೇ. ಪ್ರತಿ ಫೋಟೋದಲ್ಲೂ ಜಾಗದ ಅಕ್ಷಾಂಶ, ರೇಖಾಂಶ ತಾನಾಗೇ ದಾಖಲಾಗಿತ್ತು. ಹೆಸರು ಮಾತ್ರ ಇರಲಿಲ್ಲ. ಪಹಣಿಯಲ್ಲೂ ಸರ್ವೆ ನಂಬರ್ ಬಿಟ್ಟರೆ ಬೇರೆ ಹೆಸರಿಲ್ಲ. ಮಾರನೇ ದಿನ ಅಪ್ಪನನ್ನ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಕ್ಕೂ ಹೆಸರು ಬರೆದೆ. ಹುಣಸೆ ಮರದ ತಾಕು, ಅಜ್ಜಿ ಬುತ್ತಿ ಇಡುತ್ತಿದ್ದ ಕಲ್ಲು, ಕೆರೆ ಕೋಡಿ ಬಿದ್ದ ವರ್ಷ ಒಡೆದ ಬದು. ಕನ್ನಡಕ ಹಾಕಿಕೊಂಡು ಅಪ್ಪ ಹೇಳುತ್ತಾ ಹೋದರು. ಅಮ್ಮ ಮಧ್ಯೆ ಮಧ್ಯೆ ತಿದ್ದುತ್ತಿದ್ದಳು.

ಈಗ ತಿಂಗಳಿಗೊಂದು ಸಲ ಹೋಗ್ತೀನಿ, ಹೆಂಡತಿಯೂ ಬರುತ್ತಾಳೆ. ಆ ಫ್ಲಾಟ್ ಬೇರೆಯವರ ಪಾಲಾಯ್ತು. ಬಾಡಿಗೆ ಮನೆಯಲ್ಲೇ ಇದ್ದೀವಿ, ಬಾಡಿಗೆ ಏರಿದಾಗೆಲ್ಲ ಮನಸ್ಸು ಹೊಯ್ದಾಡುತ್ತೆ. ಹೊಲ ಮಾರೋದೇ ಇಲ್ಲ ಅಂತ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಮುಂದೊಂದು ದಿನ ಮಾರಬೇಕಾಗಿ ಬರಬಹುದು. ಆದರೆ ಏನಂತ ಗೊತ್ತಿಲ್ಲದೇ ಮಾರುವವನಿದ್ದೆನಲ್ಲ, ಅದು ಈಗಲೂ ಚುಚ್ಚುತ್ತೆ.

ಬ್ರೋಕರ್‌ಗೆ ಫೋಟೋ ಕಳಿಸಿಲ್ಲ. ನಿನ್ನೆ ಅಪ್ಪ ಫೋನ್ ಮಾಡಿದ್ದರು. "ಅವರೆ ಬಲಿತಿದೆ. ಈ ವಾರ ಬಾ, ಸೊಗಡು ನಿನ್ನ ಫೋಟೋದಲ್ಲಿ ಬರಲ್ಲ" ಅಂದರು. ಶನಿವಾರ ಹೊರಡುತ್ತಿದ್ದೀವಿ.