ಹೂವಿಲ್ಲದೆ ಮುಗಿಯದ ಕೌದಿ

ಹುಬ್ಬಳ್ಳಿಯಿಂದ ಅಂಕೋಲೆಯ ಕಡೆ ಹೊರಟ ಬಸ್ಸು ಕಲಘಟಗಿ ದಾಟಿತೆಂದರೆ ಕಿಟಕಿಯಾಚೆಯ ನೋಟವೇ ಬೇರೆ. ಅಲ್ಲಿಯವರೆಗೆ ಬಯಲು, ಹೊಲ, ಬಿಸಿಲು. ಆಮೇಲೆ ಸಾಗವಾನಿ ಮರಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಕಿರವತ್ತಿ ಬರುವ ಹೊತ್ತಿಗೆ ಕಾಡು ರಸ್ತೆಯ ಎರಡೂ ಬದಿಗೆ ಬಂದು ನಿಂತಿರುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಯಲ್ಲಾಪುರ.

ಕಲಘಟಗಿಯ ಬಣ್ಣದ ತೊಟ್ಟಿಲನ್ನು ಅಜ್ಜ-ಅಜ್ಜಿಯರಲ್ಲಿ ಕೇಳದವರು ಕಡಿಮೆ. ಅರಗಿನ ಬಣ್ಣದಲ್ಲಿ ಚಿತ್ರ ಬರೆದ ಆ ತೊಟ್ಟಿಲುಗಳು ತಲೆಮಾರುಗಟ್ಟಲೆ ಬಾಳುತ್ತವೆ. ಆದರೆ ತೊಟ್ಟಿಲೊಂದೇ ಇದ್ದರೆ ಮಗು ಮಲಗೀತೇ? ಮೆತ್ತಗೆ ಹಾಸಲು, ಬೆಚ್ಚಗೆ ಹೊದಿಸಲು ಕೌದಿ ಬೇಕು. ನಾನು ಹೊರಟದ್ದು ಆ ಕೌದಿಯ ಊರುಗಳಿಗೆ.

ನಮ್ಮದು ಕೌದಿ ಹೊಲಿಯುವ ಹವ್ಯಾಸದವರ ಒಂದು ಬಳಗ. ಒಬ್ಬರು ಇರುವ ಊರಲ್ಲಿ ಇನ್ನೊಬ್ಬರಿಲ್ಲ. ಪರಿಚಯ, ಮಾತುಕತೆ ಎಲ್ಲ ಕಂಪ್ಯೂಟರು, ಮೊಬೈಲಿನಲ್ಲೇ. ಎಲ್ಲರೂ ಸೇರಿ ಕೌದಿಗಳಿಗಾಗಿಯೇ ಒಂದು ಜಾಲತಾಣ ಕಟ್ಟಲು ಹೊರಟಿದ್ದೇವೆ. ಯಾರಿಗೂ ಸಂಬಳವಿಲ್ಲ. ಕಂಪ್ಯೂಟರ್ ಕೆಲಸ ಬಲ್ಲವರು ಅದನ್ನು ನೋಡಿಕೊಳ್ಳುತ್ತಾರೆ, ತಿದ್ದಲು ಬಲ್ಲವರು ತಿದ್ದುತ್ತಾರೆ. ಊರಿಗೆ ಹೋಗಿ ಕೌದಿಗಳ ಚಿತ್ರ, ವಿವರ ತರುವ ಕೆಲಸ ನನ್ನ ಪಾಲಿಗೆ ಬಂತು. ಚೀಲದಲ್ಲಿ ಕ್ಯಾಮೆರಾ, ಅಳತೆ ಟೇಪು, ಒಂದಷ್ಟು ನಮೂನೆ ಹಾಳೆ. ಉದ್ದ ಎಷ್ಟು, ಅಗಲ ಎಷ್ಟು, ಬಟ್ಟೆ ಯಾವುದು, ಹೊಲಿದವರು ಯಾರು ಎಂದು ಅದರಲ್ಲಿ ತುಂಬಬೇಕು.

ಕಾಡಿನೊಳಗಿನ ಊರುಗಳು

ಯಲ್ಲಾಪುರದ ಪೇಟೆಯಿಂದ ರಿಕ್ಷಾದಲ್ಲಿ ಕೆಲವು ಮೈಲಿ ಹೋಗಿ, ಮುಂದೆ ಮಣ್ಣಿನ ದಾರಿಯಲ್ಲಿ ನಡೆದರೆ ಸಿದ್ದಿಯರ ಮನೆಗಳು ಸಿಗುತ್ತವೆ. ಗದ್ದೆಯ ಅಂಚಿನಲ್ಲಿ ಐದಾರು, ಮರಗಳ ನಡುವೆ ಮತ್ತೆ ನಾಲ್ಕಾರು. ಪ್ರತಿ ಮನೆಯ ಬೇಲಿಯ ಮೇಲೂ, ಅಂಗಳದ ಹಗ್ಗದ ಮೇಲೂ ಕೌದಿ. ಕೆಂಪು, ಹಳದಿ, ನೀಲಿ, ಹಸಿರು ತುಂಡುಗಳು ಬಿಸಿಲಿಗೆ ಮೈಯೊಡ್ಡಿಕೊಂಡಿರುತ್ತವೆ.

ಮಕ್ಕಳೇ, ಸಿದ್ದಿಯರ ಪೂರ್ವಜರು ಆಫ್ರಿಕಾದವರು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಮುಂದಿನ ಕಾಲದಲ್ಲಿ ಪೂರ್ವ ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದರು. ದುಡಿಸಿಕೊಳ್ಳುವವರ ಕೈಯಿಂದ ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡು ಸೇರಿ, ಗುಡಿಸಲು ಕಟ್ಟಿ, ಬೇಸಾಯ ಮಾಡಿ ಬದುಕಿದರು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ, ಮರಾಠಿ ಬೆರೆತ ಮಾತು. ಶಾಲೆ, ಸಂತೆಯಲ್ಲಿ ಕನ್ನಡ. ಉತ್ತರ ಕನ್ನಡದ ಸಿದ್ದಿಯರನ್ನು ಸರ್ಕಾರ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ.

ಹಡಗಿನಲ್ಲಿ ಬಂದವರ ಕೈಯಲ್ಲಿ ಗಂಟುಮೂಟೆ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ಸಿಕ್ಕ ಹಳೆಯ ಬಟ್ಟೆಯನ್ನೇ ಆಸ್ತಿ ಮಾಡಿಕೊಂಡರು.

ಮೂಲೆಯಿಂದ ನಡುವಿಗೆ

ಉತ್ತರ ಕರ್ನಾಟಕದ ಮನೆಗಳಲ್ಲೆಲ್ಲ ಕೌದಿ ಉಂಟು. ದಸರೆಗೆ ಮೊದಲು ಹಳ್ಳಕ್ಕೆ ಒಯ್ದು ಕೌದಿಗಳನ್ನು ತೊಳೆದು ಬಂಡೆಯ ಮೇಲೆ ಹರವಿದ ನೆನಪು ಅನೇಕ ಅಜ್ಜಿಯರಿಗೆ ಇದ್ದೀತು. ಮಹಾರಾಷ್ಟ್ರದಲ್ಲಿ ಅದು ಗೋಧಡಿ, ಬಂಗಾಳದಲ್ಲಿ ಕಾಂಥಾ. ಸಿದ್ದಿಯರ ಬಾಯಲ್ಲಿ ಕವಂದಿ. ಅವರು ಹೊಲಿಯುವ ಬಗೆ ಮಾತ್ರ ಅವರದೇ.

ನಾವು ಹೋದ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಕಾಲು ಚಾಚಿ ಕೂತು ಹೊಲಿಯುತ್ತಿದ್ದರು. ಕೆಳಗೆ ಒಂದು ಹಳೆಯ ಸೀರೆ ಹರವಿತ್ತು. ಅದರ ಮೂಲೆಯಿಂದ ಕೆಲಸ ಶುರು. ತುಂಡಿನ ಅಂಚನ್ನು ಬೆರಳಲ್ಲಿ ಒಳಕ್ಕೆ ಮಡಚುತ್ತಾರೆ, ಸೀರೆಯ ಮೇಲೆ ಇಡುತ್ತಾರೆ, ದಾರ ಓಡಿಸುತ್ತಾರೆ. ಪಕ್ಕಕ್ಕೆ ಇನ್ನೊಂದು ತುಂಡು. ಅಂಚಿನುದ್ದಕ್ಕೂ ಒಂದು ಸುತ್ತು ಬಂದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು. ದೇವಸ್ಥಾನಕ್ಕೆ ಪ್ರದಕ್ಷಿಣೆ ಬಂದಂತೆ ಸುತ್ತಿ ಸುತ್ತಿ ಕೊನೆಗೆ ಸೂಜಿ ನಡುವಿಗೆ ಬಂದು ನಿಲ್ಲುತ್ತದೆ. ಹೊಲಿಗೆಯ ಯಂತ್ರವಿಲ್ಲ, ಕಟ್ಟಿನ ಚೌಕಟ್ಟಿಲ್ಲ, ಪೆನ್ಸಿಲಿನ ಗೆರೆಯೂ ಇಲ್ಲ.

“ಮೊದಲೇ ಚಿತ್ರ ಬರಕೊಳ್ಳೂದಿಲ್ಲೇನ್ರಿ ಅಜ್ಜಿ?” ಎಂದು ಕೇಳಿದೆ.

“ಚಿತ್ರ ಯಾಕ? ಕೈಗೆ ಯಾವ ತುಂಡು ಸಿಗತೈತಿ, ಅದರ ಮಗ್ಗಲಿಗೆ ಯಾವುದು ಚಂದ ಕಾಣತೈತಿ ಅಂತ ಕಣ್ಣೇ ಹೇಳತೈತಿ,” ಎಂದರು.

ಕ್ರೈಸ್ತರ ಮನೆಯ ಕೌದಿಯಲ್ಲಿ ಕೆಲವೊಮ್ಮೆ ಶಿಲುಬೆ, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ ಕಾಣುತ್ತದೆ. ತೊಟ್ಟಿಲ ಕೂಸಿಗೆ ಹೊಲಿದ ಕೌದಿಯಲ್ಲಿ ಉಳಿದವಕ್ಕಿಂತ ಹೆಚ್ಚು ಬಣ್ಣ, ಸಣ್ಣ ಸಣ್ಣ ತುಂಡು. ಆದರೆ ಎಲ್ಲ ಮನೆಯ ಕೌದಿಯಲ್ಲೂ ಇರಬೇಕಾದದ್ದು ಒಂದಿದೆ. ಅದೇ ಹೂವು. ಬಣ್ಣದ ಬಟ್ಟೆಯನ್ನು ಮುಕ್ಕೋಣವಾಗಿ ಮಡಚಿ, ಒಂದರ ಮೇಲೊಂದು ಇಟ್ಟು, ಮೂಲೆಗೆ ಹೊಲಿಯುತ್ತಾರೆ. ಇದಕ್ಕೆ ಅವರು ಫುಲಾ ಅನ್ನುತ್ತಾರೆ. ಹೂವಿಲ್ಲದ ಕೌದಿ ಮೈಮೇಲೆ ಬಟ್ಟೆಯಿಲ್ಲದಂತೆ ಎಂಬುದು ಅವರ ಮಾತು. ಎಷ್ಟೇ ಹೊಲಿದಿರಲಿ, ಹೂವು ಇಟ್ಟ ಮೇಲೆಯೇ ಕೌದಿ ಮುಗಿದಂತೆ.

ಯಾರ ಹೆಸರು ಬರೆಯಬೇಕು?

ಅಂಗಳದಲ್ಲಿ ಹಗ್ಗಕ್ಕೆ ಒಂದು ದೊಡ್ಡ ಕೌದಿ ಹಾಕಿ ಚಿತ್ರ ತೆಗೆದೆವು. ಅಳತೆ ಮುಗಿಯಿತು. ‘ಹೊಲಿದವರು’ ಎಂಬ ಸಾಲಿಗೆ ಬಂದಾಗ ಅಜ್ಜಿ ನಕ್ಕುಬಿಟ್ಟರು. “ಹಳೇ ಅರಬಿ ಕೂಡಿಸಿ ಹೊಲದೇನಿ. ಇದಕ್ಕೇನ್ ಹೆಸರು?”

ಸೊಸೆ ಸುಮ್ಮನಿರಲಿಲ್ಲ. “ಬರಸ್ರಿ ಅತ್ತಿ. ಪ್ಯಾಟಿಯೊಳಗ ನಮ್ಮ ಕೌದಿ ಮಾರತಾರ. ಕಾಡಿನ ಮಂದಿ ಹೊಲದದ್ದು ಅಂತಾರ. ಯಾವ ಊರು, ಯಾರ ಕೈ, ಯಾರೂ ಹೇಳಂಗಿಲ್ಲ.”

ಆ ಮಾತು ಮನಸ್ಸಿಗೆ ನಾಟಿತು. ಚಿತ್ರಕಾರ ಬರೆದ ಚಿತ್ರದ ಕೆಳಗೆ ಹೆಸರಿರುತ್ತದೆ. ಕತೆಗೂ ಹಾಡಿಗೂ ಬರೆದವರ ಹೆಸರಿರುತ್ತದೆ. ತಿಂಗಳುಗಟ್ಟಲೆ ಕೂತು ಹೊಲಿದ ಕೌದಿಗೆ ಮಾತ್ರ ಯಾಕಿರಬಾರದು?

ಸರಿ, ಹೆಸರು ಬರೆಯೋಣ ಎಂದಾಯಿತು. ಆದರೆ ಯಾರದ್ದು? ಕೌದಿ ಶುರು ಮಾಡಿದವರು ಅಜ್ಜಿ. ಕಣ್ಣು ಮಂಜಾದ ಮೇಲೆ ನಡುವಿನ ಸುತ್ತುಗಳನ್ನು ಸೊಸೆ ಹೊಲಿದರು. ಮೂಲೆಯ ಹೂವು ಇಟ್ಟವಳು ಏಳನೆಯ ತರಗತಿಯ ಮೊಮ್ಮಗಳು. ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ಮೂರೂ ಮಂದಿದು ಹಾಕ್ರಿ. ಒಂದ ಕೈ ಬಿಟ್ಟರೂ ಕೌದಿ ಆಗತಿರಲಿಲ್ಲ,” ಎಂದರು. ಮೊಮ್ಮಗಳು ನನ್ನ ಪೆನ್ನು ತೆಗೆದುಕೊಂಡು, ಆ ಸಾಲಿನ ಕೆಳಗೆ ಇನ್ನೆರಡು ಗೆರೆ ಎಳೆದು, ದುಂಡಗಿನ ಕನ್ನಡದಲ್ಲಿ ಮೂರೂ ಹೆಸರು ಬರೆದಳು. ತನ್ನ ಹೆಸರು ಬರೆದದ್ದನ್ನು ಅಜ್ಜಿ ಬೆರಳಿಂದ ಮುಟ್ಟಿ ನೋಡಿದರು.

ಇನ್ನೂ ಒಂದು ಉಳಿದಿತ್ತು. ಕೌದಿಯ ನಡುವಿನ ಕಂದು ತುಂಡನ್ನು ತೋರಿಸಿ, “ಇದು ತೀರಿಹೋದ ನನ್ನ ಅಕ್ಕನ ಸೀರಿ. ಇದನ್ನೂ ಬರಕೋರಿ,” ಎಂದರು. ಅಂದಿನಿಂದ ನಮ್ಮ ನಮೂನೆಗೆ ‘ಬಟ್ಟೆ ಯಾರದ್ದು’ ಎಂಬ ಹೊಸ ಸಾಲು ಸೇರಿದೆ.

ಏನು ಬರೆಯಬೇಕು, ಏನು ಬೇಡ ಎಂಬುದನ್ನೂ ಅಂಗಳದಲ್ಲಿ ಸೇರಿದ ಹೆಂಗಸರೇ ತೀರ್ಮಾನಿಸಿದರು. ಹೆಸರು, ತಾಲ್ಲೂಕು ಇರಲಿ. ಫೋನ್ ನಂಬರು, ಮನೆಯ ದಾರಿ ಬೇಡ. ಕೌದಿಯ ಚಿತ್ರ ಇರಲಿ, ಕೂಸುಗಳ ಚಿತ್ರ ಬೇಡ. ನಮ್ಮ ಬಳಗ ಅದನ್ನು ಹಾಗೆಯೇ ಪಾಲಿಸುತ್ತಿದೆ.

ದೂರದ ಊರಿನ ಕೌದಿ

ಸಿದ್ದಿಯರ ಕೌದಿ ಹೊರಗಿನ ಲೋಕಕ್ಕೆ ಕಾಣಿಸಿದ್ದು ಇತ್ತೀಚೆಗೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂಅಲ್ ಇಲ್ಲಿಗೆ ಬಂದು ಅಧ್ಯಯನ ಮಾಡಿದರು. ಹೆಂಗಸರು ಸೇರಿ ಕೌದಿ ಮಾರುವ ಸಹಕಾರ ಸಂಘವನ್ನೂ ಕಟ್ಟಿಕೊಂಡರು. 2011ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು.

ಅಮೆರಿಕದ ಮಾತು ಬಂದಾಗ ಅಲ್ಲಿನ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕತೆ ಹೇಳಬೇಕು. ನದಿ ಬಾಗುವ ಕಡೆ ಇರುವ ಆ ಹಳ್ಳಿಯವರೂ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ. ಹತ್ತಿಯ ಹೊಲದಲ್ಲಿ ದುಡಿದು ಸವೆದ ಅಂಗಿ, ಪ್ಯಾಂಟುಗಳನ್ನೇ ಕತ್ತರಿಸಿ ಅಲ್ಲಿನ ಹೆಂಗಸರು ಚಳಿಗೆ ಕೌದಿ ಹೊಲಿದರು. 1966ರಲ್ಲಿ ಆ ಭಾಗದ ಹೆಂಗಸರು ಕೂಡಿ ಹೊಲಿಗೆಯ ಸಹಕಾರ ಸಂಘ ಕಟ್ಟಿದರು. 2002ರಲ್ಲಿ ಅವರ ಕೌದಿಗಳು ದೊಡ್ಡ ವಸ್ತುಸಂಗ್ರಹಾಲಯಗಳ ಗೋಡೆ ಏರಿದವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಹತ್ತು ಕೌದಿಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು.

ಸಿದ್ದಿಯರಿಗೂ ಜೀಸ್ ಬೆಂಡಿನವರಿಗೂ ನೆಂಟಸ್ತಿಕೆ ಇಲ್ಲ. ಒಬ್ಬರು ಇನ್ನೊಬ್ಬರಿಂದ ಕಲಿತದ್ದೂ ಅಲ್ಲ. ಜೀಸ್ ಬೆಂಡಿನಲ್ಲಿ ಮನೆಯ ಸೂರಿನ ಹೆಸರಿನ ಒಂದು ಮಾದರಿಯುಂಟು. ಅದು ನಡುವಿನ ಚೌಕದಿಂದ ಹೊರಕ್ಕೆ ಬೆಳೆಯುತ್ತದೆ. ಯಲ್ಲಾಪುರದ ಕೌದಿ ಅಂಚಿನಿಂದ ಒಳಕ್ಕೆ ಬೆಳೆಯುತ್ತದೆ. ಆದರೂ ಒಂದು ಮಾತು ಇಬ್ಬರಿಗೂ ಸಲ್ಲುತ್ತದೆ. ಜೀಸ್ ಬೆಂಡಿನ ಕೌದಿಗಳನ್ನು ಇಂದು ಹೊಲಿದವರ ಹೆಸರಿನಿಂದಲೇ ಗುರುತಿಸುತ್ತಾರೆ. ಆನಿ ಮೇ ಯಂಗ್ 1976ರಲ್ಲಿ ಕೆಲಸದ ಬಟ್ಟೆಯಿಂದ ಹೊಲಿದದ್ದು, ಲೊರೆಟಾ ಪೆಟ್‌ವೇ ಹೊಲಿದದ್ದು ಎಂದು. ಇದನ್ನು ಜಗಲಿಯಲ್ಲಿ ಹೇಳಿದಾಗ ಸೊಸೆ ಅತ್ತೆಯ ಮುಖ ನೋಡಿ, “ಕೇಳಿದ್ರೇನ್ರಿ?” ಎಂದರು.

ಯಲ್ಲಾಪುರಕ್ಕೆ ಹೋದವರು ಮಾಗೋಡು, ಸಾತೊಡ್ಡಿ ಜಲಪಾತಗಳನ್ನು ನೋಡಿ ಬರುತ್ತಾರೆ. ನೋಡಲೇಬೇಕು. ಜೊತೆಗೆ ಒಂದು ಕೌದಿಯನ್ನೂ ಕೊಳ್ಳುವುದಾದರೆ ಹೊಲಿದವರ ಕೈಯಿಂದಲೇ ಕೊಳ್ಳಿ. ಹಳೆ ಬಟ್ಟೆ ತಾನೇ ಎಂದು ಚೌಕಾಸಿ ಮಾಡಬೇಡಿ. ಬೆಲೆ ಬಟ್ಟೆಗಲ್ಲ, ಬೆರಳಿಗೆ. ಹೆಸರು ಕೇಳಿ ಬರೆದುಕೊಳ್ಳಿ.

ಮಕ್ಕಳೇ, ನಿಮ್ಮ ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಹಳೆಯ ಕೌದಿ ಇದ್ದರೆ ಈ ಭಾನುವಾರ ಹೊರಗೆ ತೆಗೆಯಿರಿ. ಬಿಸಿಲಿಗೆ ಹರವಿ, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೊಲಿದವರು ಯಾರು, ಯಾವ ವರ್ಷ, ಯಾರಿಗಾಗಿ, ಈ ತುಂಡು ಯಾರ ಸೀರೆ, ಆ ತುಂಡು ಯಾರ ಅಂಗಿ ಎಂದು ಕೇಳಿ. ಒಂದು ಬಿಳಿ ಬಟ್ಟೆಯ ಚೂರಿನ ಮೇಲೆ ಹೆಸರುಗಳನ್ನು ಮಾಸದ ಶಾಯಿಯಲ್ಲಿ ಬರೆದು ಕೌದಿಯ ಹಿಂಬದಿಗೆ ಹೊಲಿಯಿರಿ. ಸೂಜಿಗೆ ದಾರ ಪೋಣಿಸಲು ಅಜ್ಜಿಗೆ ಕಣ್ಣು ಕಾಣದಿದ್ದರೆ ಆ ಕೆಲಸ ನಿಮ್ಮದು.