ಮಾತ್ರೆಯ ಲೆಕ್ಕ

ವಿಭಾಗದ ಈ ಸಂಪುಟಕ್ಕೆ ಛಂದಸ್ಸನ್ನು ಕುರಿತು ಲೇಖನವೊಂದನ್ನು ಬರೆದುಕೊಡುವುದಾಗಿ ಸಂಪಾದಕರಿಗೆ ಮಾತು ಕೊಟ್ಟಿದ್ದೆ. ಆ ಮಾತು ಪೂರ್ಣವಾಗಿ ತಪ್ಪಿತೆಂದು ಹೇಳಲಾರೆ. ಕಳೆದ ಎಂಟು ತಿಂಗಳಿನಿಂದ ನಾನು ಹಗಲಿರುಳೂ ಮಾತ್ರೆಗಳನ್ನು ಎಣಿಸುತ್ತಲೇ ಇದ್ದೇನೆ. ಆದರೆ ಅವು ಪದ್ಯದ ಮಾತ್ರೆಗಳಲ್ಲ. ನನ್ನ ಸೊಂಟದಲ್ಲಿರುವ ಇನ್ಸುಲಿನ್ ಪಂಪು ಅಳೆದು ಕೊಡುವ ಮಾತ್ರೆಗಳು.

ಮಧುಮೇಹ ನನಗೆ ಹೊಸದಲ್ಲ. ಮೂವತ್ತನೆಯ ವಯಸ್ಸಿನಲ್ಲಿ, ಪಿಎಚ್.ಡಿ. ಪ್ರಬಂಧದ ಕರಡನ್ನು ತಿದ್ದುತ್ತಿದ್ದ ದಿನಗಳಲ್ಲಿ, ನನ್ನ ಮೇದೋಜೀರಕ ಗ್ರಂಥಿ ಇನ್ಸುಲಿನ್ ಉತ್ಪಾದಿಸುವುದನ್ನು ನಿಲ್ಲಿಸಿತು. ಮೊದಲನೆಯ ಬಗೆಯ ಈ ಮಧುಮೇಹಕ್ಕೆ ಪಥ್ಯವೊಂದೇ ಸಾಲದು. ಹೊರಗಿನಿಂದ ಇನ್ಸುಲಿನ್ ಸೇರದೆ ಜೀವ ಉಳಿಯದು. ದಿನಕ್ಕೆ ನಾಲ್ಕರಂತೆ ಇಪ್ಪತ್ತೈದು ವರ್ಷಗಳಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಬಾರಿ ಸೂಜಿ ಚುಚ್ಚಿಕೊಂಡಿದ್ದೇನೆ. ರಾತ್ರಿಯಲ್ಲಿ ಸಕ್ಕರೆ ಇಳಿದು ಬೆವರಿ ಏಳುವುದು ಹೆಚ್ಚಾದಾಗ ವೈದ್ಯರು ಪಂಪಿನ ಸಲಹೆ ನೀಡಿದರು.

ಈ ಯಂತ್ರ ಬೆಂಕಿಪೆಟ್ಟಿಗೆಗಿಂತ ದೊಡ್ಡದು, ಕೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಅದರಿಂದ ಹೊರಟ ತೆಳುವಾದ ನಳಿಗೆಯ ತುದಿಯು ಹೊಟ್ಟೆಯ ಚರ್ಮದಡಿಯಲ್ಲಿ ಸೇರಿರುತ್ತದೆ. ಎರಡು ಮೂರು ದಿನಗಳಿಗೊಮ್ಮೆ ಅದನ್ನು ತೆಗೆದು ಬೇರೆ ಜಾಗದಲ್ಲಿ ಹಾಕಿಕೊಳ್ಳಬೇಕು. ಗಂಟೆಗೆ 0.7 ಯೂನಿಟ್ಟಿನಷ್ಟು ಇನ್ಸುಲಿನ್ನನ್ನು ಅದು ಹನಿಹನಿಯಾಗಿ ತಾನೇ ಹರಿಸುತ್ತದೆ. ಊಟಕ್ಕೆ ಬೇಕಾದುದನ್ನು ಮಾತ್ರ ನಾನೇ ಲೆಕ್ಕ ಹಾಕಿ, ಗುಂಡಿಯೊತ್ತಿ ಕೇಳಬೇಕು. ಹತ್ತು ಗ್ರಾಂ ಪಿಷ್ಟಕ್ಕೆ ಒಂದು ಯೂನಿಟ್ ಎಂಬುದು ನನ್ನ ದೇಹದ ಸೂತ್ರ. ಭಾಮಿನಿ ಷಟ್ಪದಿಯ ಮೊದಲ ಸಾಲಿನಲ್ಲಿ ಮೂರು-ನಾಲ್ಕರ ಗಣಗಳು ಎರಡು ಬಾರಿ ಬಂದು 14 ಮಾತ್ರೆಗಳಾಗುವುದನ್ನು ನಿದ್ದೆಯಲ್ಲಿಯೂ ಹೇಳಬಲ್ಲ ನಾನು, ಮಾಟುಂಗದ ಹೋಟೆಲೊಂದರಲ್ಲಿ ಎರಡು ಇಡ್ಲಿಗಳ ಮುಂದೆ ಲೆಕ್ಕ ತಪ್ಪಿ ಕುಳಿತದ್ದುಂಟು. ಪದ್ಯದಲ್ಲಿ ಮಾತ್ರೆ ತಪ್ಪಿದರೆ ಛಂದೋಭಂಗ. ಇಲ್ಲಿ ತಪ್ಪಿದರೆ ಕಣ್ಣು ಕತ್ತಲೆ.

ಇನ್ನೊಂದು ತೊಡಕು ಭಾಷೆಯದು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕನ್ನಡ ಪದ್ಯಗಳಲ್ಲಿ ವಿವರಿಸಿದನೆಂದು ಪ್ರತಿ ವರ್ಷವೂ ಪಾಠ ಹೇಳುತ್ತೇನೆ. ನನ್ನ ಜೀವವನ್ನು ಕಾಯುವ ಯಂತ್ರವಾದರೋ ಇಂಗ್ಲಿಷಿನಲ್ಲಲ್ಲದೆ ಮಾತನಾಡದು. ಕೊನೆಗೆ ಒಂದು ನೋಟುಪುಸ್ತಕವಿಟ್ಟು, ಸದಾ ಹರಿಯುವುದಕ್ಕೆ ‘ನೆಲೆಧಾರೆ’ ಎಂದೂ ಊಟದ ಹೊತ್ತಿನದಕ್ಕೆ ‘ಉಣಿಸುಧಾರೆ’ ಎಂದೂ ಹೆಸರಿಟ್ಟುಕೊಂಡೆ. ಈ ಶಬ್ದಗಳು ಯಾವ ನಿಘಂಟಿಗೂ ಸೇರಬೇಕಾಗಿಲ್ಲ. ಆದರೆ ಹೆಸರಿಟ್ಟ ಮೇಲೆ ಭಯ ಕಡಿಮೆಯಾಯಿತೆಂಬುದು ನಿಜ.

ಭಯ ಪೂರ್ತಿ ಹೋಗಬಾರದೆಂಬ ಪಾಠವೂ ಬೇಗನೆ ದೊರೆಯಿತು. ಮೂರನೆಯ ವಾರದ ಒಂದು ರಾತ್ರಿ ಗಂಟಲು ಒಣಗಿ ಎಚ್ಚರವಾಯಿತು. ಪರೀಕ್ಷಿಸಿದರೆ ಸಕ್ಕರೆ 386. ನಳಿಗೆಯ ತುದಿ ಚರ್ಮದಡಿಯಲ್ಲಿ ಮಡಚಿಕೊಂಡಿತ್ತು. ಯಂತ್ರ ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಪಂಪಿನಲ್ಲಿರುವುದು ಬೇಗ ಕೆಲಸಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಹರಿವು ನಿಂತರೆ ದೇಹದಲ್ಲಿ ಕೂಡಿಟ್ಟ ದಾಸ್ತಾನು ಇರುವುದಿಲ್ಲ. ಕೆಲವೇ ಗಂಟೆಗಳಲ್ಲಿ ರಕ್ತ ಆಮ್ಲೀಯವಾಗತೊಡಗಿ ಪ್ರಾಣಾಪಾಯವೂ ಆಗಬಹುದು. ಹಳೆಯ ಇನ್ಸುಲಿನ್ ಪೆನ್ನಿನಿಂದ ಚುಚ್ಚಿಕೊಂಡು, ನಳಿಗೆ ಬದಲಾಯಿಸಿ, ಬೆಳಗಾಗುವವರೆಗೆ ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡುತ್ತ ಕುಳಿತೆ. ‘ಹೊಸದು ಬಂತೆಂದು ಹಳೆಯದನ್ನು ಎಸೆಯಬೇಡಿ’ ಎಂದು ಮೊದಲ ದಿನವೇ ವೈದ್ಯರು ಹೇಳಿದ್ದರು. ಆ ಮಾತಿನ ಅರ್ಥ ಅಂದು ತಿಳಿಯಿತು.

ಈ ಎಚ್ಚರಕ್ಕೆ ಮುಂಬಯಿಯ ನೆನಪೊಂದು ಸೇರಿಕೊಂಡಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಲೋಕಲ್ ರೈಲುಗಳು ನಿಂತವು, ಕಲೀನ ಪರಿಸರ ಜಲಾವೃತವಾಯಿತು. ಆ ರಾತ್ರಿಯನ್ನು ನಾನು ಕಲೀನಾದಲ್ಲಿಯೇ ಮಹಡಿಯ ಕೋಣೆಯೊಂದರಲ್ಲಿ ಕಳೆದೆ. ಚೀಲದಲ್ಲಿ ಇನ್ಸುಲಿನ್ ಪೆನ್ನು, ಒಂದು ಪೊಟ್ಟಣ ಬಿಸ್ಕತ್ತು ಇದ್ದುವು, ಬದುಕಿದೆ. ಇಂದಿಗೂ ಪಂಪಿನ ಜೊತೆಗೆ ಅವೆರಡನ್ನೂ ಬಿಟ್ಟು ಮನೆಯಿಂದ ಹೊರಡುವುದಿಲ್ಲ.

ಇವೆಲ್ಲವೂ ಅಭ್ಯಾಸದಿಂದ ಸಾಧ್ಯವಾದುವು. ಆದರೆ ಕಠಿಣವಾದುದು ಸಂಕೋಚವನ್ನು ಗೆಲ್ಲುವುದು. ಸೂಜಿಯ ಕಾಲದಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಆಗುತ್ತಿತ್ತು, ರೋಗ ಚೀಲದೊಳಗಿರುತ್ತಿತ್ತು. ಪಂಪು ಸದಾ ಮೈಮೇಲಿರುವ ವಸ್ತು. ಸೀರೆಯ ನೆರಿಗೆಯ ಪಕ್ಕದಲ್ಲಿ ಸಿಕ್ಕಿಸಿ, ಸೆರಗು ಹೊದ್ದು ಮರೆಮಾಡುತ್ತಿದ್ದೆ. ಯಾರಾದರೂ ಕೇಳಿದರೆ ಮೊಬೈಲು ಎನ್ನುತ್ತಿದ್ದೆ. ವಚನಕಾರರ ಸತ್ಯನಿಷ್ಠೆಯನ್ನು ಕುರಿತು ಉಪನ್ಯಾಸ ಕೊಡಲು ಹೋಗುವಾಗಲೂ ಇದೇ ಸುಳ್ಳು.

ಒಂದು ಬೆಳಿಗ್ಗೆ ಬೊರಿವಲಿಯಿಂದ ಹೊರಟ ಲೋಕಲ್ಲಿನ ಮಹಿಳೆಯರ ಡಬ್ಬಿಯಲ್ಲಿ, ಗೋರೆಗಾಂವ್‌ನ ನೂಕುನುಗ್ಗಲಿನಲ್ಲಿ, ಒಬ್ಬಾಕೆಯ ಚೀಲದ ಕೊಂಡಿಗೆ ನನ್ನ ನಳಿಗೆ ಸಿಕ್ಕಿಕೊಂಡಿತು. ಆಕೆ ಗಾಬರಿಯಿಂದ ಬಿಡಿಸಿಕೊಟ್ಟು, ‘ತಾಈ, ಇದೇನು?’ ಎಂದು ಮರಾಠಿಯಲ್ಲಿ ಕೇಳಿದರು. ನಳಿಗೆಯನ್ನು ಕೈಯಲ್ಲಿಯೇ ಹಿಡಿದಿದ್ದವರಿಗೆ ಮೊಬೈಲೆಂದು ಹೇಳುವುದು ಸಾಧ್ಯವಿರಲಿಲ್ಲ. ನಿಜ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಹನ್ನೆರಡು ವರ್ಷದ ಮಗಳಿಗೂ ದಿನಕ್ಕೆ ನಾಲ್ಕು ಸೂಜಿ ಎಂದರು. ಸೂಜಿ ಚುಚ್ಚಿಕೊಳ್ಳುವುದನ್ನು ಗೆಳತಿಯರು ನೋಡುತ್ತಾರೆಂದು ಹುಡುಗಿ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನೇ ಬಿಡುತ್ತಾಳಂತೆ. ಆಮೇಲೆ ಬೆಲೆ ಕೇಳಿದರು. ಲಕ್ಷಗಳ ಲೆಕ್ಕದ ಬೆಲೆಯನ್ನೂ, ತಿಂಗಳು ತಿಂಗಳು ಕೊಳ್ಳಬೇಕಾದ ನಳಿಗೆಗಳ ಖರ್ಚನ್ನೂ ಹೇಳುವಾಗ ನನ್ನ ದನಿ ತಗ್ಗಿತು. 1922ರಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊದಲು ಇನ್ಸುಲಿನ್ ಕೊಡಲಾಯಿತು. ಅದನ್ನು ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಸಂಗಡಿಗರು ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಆ ಔದಾರ್ಯದಿಂದ ಈ ಡಬ್ಬಿಯವರೆಗಿನ ದೂರವನ್ನು ಯಾವ ಸೂತ್ರದಿಂದ ಅಳೆಯುವುದೋ ತಿಳಿಯದು. ಅಂಧೇರಿಯಲ್ಲಿ ಇಳಿಯುವ ಮುನ್ನ ಆಕೆ ನನ್ನ ಸೆರಗನ್ನು ಸರಿಪಡಿಸಿ, ‘ಜೋಪಾನ’ ಎಂದರು. ನಾನು ಆಕೆಯ ಹೆಸರನ್ನೂ ಕೇಳಲಿಲ್ಲ.

ಅಂದಿನ ತರಗತಿ ಮಾತ್ರಾಗಣಗಳದೇ ಆಗಿತ್ತು. ಪಾಠದ ನಡುವೆ ಪಂಪು ಸದ್ದು ಮಾಡಿತು. ಅದರೊಳಗಿನ ಇನ್ಸುಲಿನ್ ಮುಗಿಯುತ್ತ ಬಂದಿತ್ತು. ಸಾಮಾನ್ಯವಾಗಿ ಹೊರಗೆ ಹೋಗಿಬಿಡುತ್ತಿದ್ದವಳು ಅಂದು ಅದನ್ನು ತೆಗೆದು ಮೇಜಿನ ಮೇಲೆ ವಿದ್ಯಾರ್ಥಿಗಳಿಗೆ ಕಾಣುವಂತೆ ಹಿಡಿದು ಅದು ಏನೆಂದು ವಿವರಿಸಿದೆ. ನಾನು ಪ್ರಜ್ಞೆ ತಪ್ಪಿದರೆ ಏನು ಮಾಡಬೇಕು, ಸಕ್ಕರೆ ಯಾವ ಡ್ರಾಯರಿನಲ್ಲಿದೆ ಎಂಬುದನ್ನೂ ಹೇಳಿದೆ. ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಹಿಂದೆ ಉಳಿದಳು. ತನ್ನ ಚೀಲದಿಂದ ಇನ್ಸುಲಿನ್ ಪೆನ್ನೊಂದನ್ನು ತೆಗೆದು ತೋರಿಸಿ, ‘ಮೇಡಂ, ಎರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ’ ಎಂದಳು.

ಅವಳಿಗೆ ಕುರ್ಚಿ ತೋರಿಸಿದೆ. ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತೆವು. ಅವಳು ತನ್ನ ಲೆಕ್ಕ ಹೇಳಿದಳು, ನಾನು ನನ್ನದನ್ನು ಹೇಳಿದೆ. ಬಾಗಿಲು ಹಾಕಲಿಲ್ಲ.