ಹಳೆ ವಿದ್ಯಾರ್ಥಿಯ ಹೊಸ ಹೂಡಿಕೆ

ಓದಿದ ವಿಶ್ವವಿದ್ಯಾಲಯ ನಮ್ಮನ್ನು ಎಂದೂ ಮರೆಯುವುದಿಲ್ಲ. ನ್ಯೂಜೆರ್ಸಿಯೊಳಗೇ ಮನೆ ಬದಲಿಸಿದ್ದನ್ನು ನೆಂಟರಿಗೆ ತಿಳಿಸುವಷ್ಟರಲ್ಲಿ, ದೇಣಿಗೆ ಕೇಳುವ ಅದರ ಪತ್ರ ಹೊಸ ಬಾಗಿಲಿಗೆ ಬಂದು ಬಿದ್ದಿರುತ್ತದೆ. ಅದಕ್ಕೆ ನಾನು ಒಗ್ಗಿಹೋಗಿದ್ದೆ. ಈಚೆಗೆ ಹಳೆ ವಿದ್ಯಾರ್ಥಿಗಳ ಹೂಡಿಕೆ ನಿಧಿಯೊಂದರಿಂದ ಬಂದ ಕರೆ ಮಾತ್ರ ಬೇರೆ ಬಗೆಯದು: ದಾನ ಬೇಡ, ಹೂಡಿಕೆ ಮಾಡಿ, ನೀವು ಓದಿದಲ್ಲೇ ಓದಿದ ಹುಡುಗರು ಕಟ್ಟುತ್ತಿರುವ ಸ್ಟಾರ್ಟ್‌ಅಪ್‌ಗಳಲ್ಲಿ ಪಾಲುದಾರರಾಗಿ!

ಅಮೆರಿಕದಲ್ಲಿ ಇಂಥ ನಿಧಿಗಳ ಪೈಕಿ ಹೆಸರಾದದ್ದು ಅಲಮ್ನೈ ವೆಂಚರ್ಸ್. 2014ರಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲಿ, ಡಾರ್ಟ್‌ಮತ್ ಕಾಲೇಜಿನ ಹಳಬರ ನಿಧಿಯಿಂದ ಶುರುವಾಗಿ, ಆಮೇಲೆ ಹಾರ್ವರ್ಡ್, ಎಂಐಟಿಗಳವರಿಗೂ ಹಬ್ಬಿತು. ತಮಾಷೆಯೆಂದರೆ, ವಿಶ್ವವಿದ್ಯಾಲಯಕ್ಕೂ ತನಗೂ ಅಧಿಕೃತ ಸಂಬಂಧವಿಲ್ಲವೆಂದು ಅದು ಸಣ್ಣಕ್ಷರದಲ್ಲಿ ಹೇಳಿಬಿಡುತ್ತದೆ. ಸಂಬಂಧವಿರುವುದು ನಮಗೆ. ಲೈಬ್ರರಿಯ ನೆಲಮಾಳಿಗೆ, ಮೊದಲ ಹಿಮ, ಸಪ್ಪೆ ಸೂಪು ಇವೆಲ್ಲ ಒಟ್ಟಿಗೆ ನೆನಪಾದಾಗ ಜೇಬಿನ ಮೇಲಿನ ಹಿಡಿತ ಸಡಿಲವಾಗುತ್ತದೆ.

ನಮ್ಮ ಕಾಲದಲ್ಲೂ ವೆಂಚರ್ ಕ್ಯಾಪಿಟಲ್ ಇತ್ತು. ಧಾರವಾಡದಿಂದ ಬಂದಿದ್ದ ನನ್ನ ರೂಮ್‌ಮೇಟ್, ಇಂಡಿಯಾದ ಹುಡುಗರಿಗೆಲ್ಲ ಮನೆಯೂಟ ಮಾರುತ್ತೇನೆಂದು ನನ್ನಿಂದ ನಲವತ್ತು ಡಾಲರ್ ಪಡೆದ. "ಚಿಂತಿ ಮಾಡಬ್ಯಾಡಲೇ, ದೊಡ್ಡದಾದ ಮ್ಯಾಲೆ ಅರ್ಧಾ ನಿಂದ" ಎಂದ. ರೊಟ್ಟಿ ಸುಟ್ಟ ಹೊಗೆಗೆ ಅಲಾರಂ ಹೊಡೆದುಕೊಂಡು, ಇಡೀ ಕಟ್ಟಡದವರು ಚಪ್ಪಲಿಯಲ್ಲೇ ಹಿಮದೊಳಗೆ ನಿಂತರು. ಗಿರಾಕಿಗಳೆಲ್ಲ ಗೆಳೆಯರೇ ಆದ್ದರಿಂದ ಅವರು ದುಡ್ಡು ಕೊಡಲಿಲ್ಲ, ಕೇಳಲು ಇವನಿಗೆ ನಾಚಿಕೆ. ಊರಿನಿಂದ ತಂದ ಜೋಳದ ಹಿಟ್ಟು ತೀರಿದ ದಿನ ಕಂಪನಿ ಮುಚ್ಚಿತು. ಲಾಭಾಂಶವಾಗಿ ನನಗೆ ದಕ್ಕಿದ್ದು ಅರ್ಧ ಡಬ್ಬಿ ಶೇಂಗಾ ಚಟ್ನಿ.

ಈಗಿನ ಹೂಡಿಕೆಗೆ ಕಾಗದಪತ್ರ ಬೇಕು, ಯೋಗ್ಯತೆಯೂ ಬೇಕು. ವರ್ಷಕ್ಕೆ 2 ಲಕ್ಷ ಡಾಲರ್ ವರಮಾನ, ಇಲ್ಲವೇ 10 ಲಕ್ಷ ಡಾಲರಿಗೆ ಮೀರಿದ ಆಸ್ತಿ. ಆ ಲೆಕ್ಕದಲ್ಲಿ ವಾಸದ ಮನೆ ಸೇರುವುದಿಲ್ಲ. ಇದನ್ನು ಓದಿ ಹೇಳಿದಾಗ ನನ್ನಾಕೆ, "ಇಷ್ಟು ವರ್ಷ ಕಂತು ಕಟ್ಟಿದ್ದು ಲೆಕ್ಕಕ್ಕೇ ಇಲ್ವಂತೇನ್ರೀ?" ಎಂದು ಗೋಡೆಯ ಕಡೆ ನೋಡಿದಳು. ಪಾಪ, ಗೋಡೆಗೂ ಬೇಸರವಾಗಿರಬೇಕು.

ಹಾಕಿದ ಹಣ ಸುಮಾರು ಹತ್ತು ವರ್ಷ ಕೈಗೆ ಸಿಗದು. ಕಂಪನಿಗಳಲ್ಲಿ ಬಹುಪಾಲು ಮುಳುಗುತ್ತವೆ. ಗೆದ್ದ ಒಂದೆರಡೇ ಮಿಕ್ಕವುಗಳ ನಷ್ಟ ತುಂಬಬೇಕು. ನಿಧಿ ನಡೆಸುವವರಿಗೆ ವಾಡಿಕೆಯಂತೆ ವರ್ಷಕ್ಕೆ ಶೇ. 2 ಶುಲ್ಕ, ಲಾಭದಲ್ಲಿ ಶೇ. 20 ಪಾಲು. ಇದನ್ನೆಲ್ಲ ನಾನು ಒಪ್ಪಬಲ್ಲೆ. ಆದರೆ ಆ ಹತ್ತು ವರ್ಷ! ಮೂವತ್ತರ ಹರೆಯದಲ್ಲಿ ಅದೊಂದು ಅವಧಿ. ಅರವತ್ತೈದು ದಾಟಿದವನಿಗೆ ಅದು ಆಯುಷ್ಯದ ಮಾತು.

ಕರೆಯ ಜೊತೆ ಬಂದ ಪಟ್ಟಿಯಲ್ಲಿ ವಿದ್ಯಾರ್ಥಿಗಳಿಗೆ ಮನೆಯೂಟ ತಲುಪಿಸುವ ಹೊಸ ಕಂಪನಿಯೊಂದಿದೆ. ಬಣ್ಣದ ನಕ್ಷೆಯಲ್ಲಿ ಲಾಭದ ಗೆರೆ ಸರ್ರನೆ ಮೇಲೇರಿದೆ. ನನ್ನ ರೂಮ್‌ಮೇಟ್‌ಗೆ ಇಂಥ ಗೆರೆ ಎಳೆಯಲು ಬರುತ್ತಿರಲಿಲ್ಲ. ಅವನು ಬದುಕಿದ್ದರೆ ಈ ಹುಡುಗರಿಗೆ ಮೊದಲು ಸಿಗುತ್ತಿದ್ದ ಸಲಹೆ ಒಂದೇ: "ಗೆಳ್ಯಾರಿಗೆ ಉದ್ರಿ ಕೊಡಬ್ಯಾಡ್ರಿ."

ನಿಮಗೂ ಇಂಥ ಕರೆ ಬಂದೀತು. ಮೇಲಿರುವ ಕಾಲೇಜಿನ ಹೆಸರನ್ನು ಅಂಗೈಯಿಂದ ಮುಚ್ಚಿ, ಉಳಿದದ್ದನ್ನು ಒಮ್ಮೆ ಓದಿ. ಆಮೇಲೂ ಹಾಕಬೇಕೆನಿಸಿದರೆ ಧಾರಾಳವಾಗಿ ಹಾಕಿ.